ವರ್ಷಕ್ಕ ಎರಡು ಸಲ ಹೂ ಬಿಡೋ ಐರಿಸ್: ನಮ್ಮ ಧಾರವಾಡದ ಹವಾಕ್ಕ ಯಾವ್ದು ಹಚ್ಚೂದು?

ಸಾಧನಕೇರಿ ಅಂಗಳ
ಎಲ್ಲಾರ್ಗೂ ನಮಸ್ಕಾರ. ಗಿಡದ ಹುಚ್ಚಿದ್ದವ್ರು ಒಂದಿಷ್ಟು ದಾರಿ ತೋರಸ್ರಿ.

ನಮ್ಮ ನಾದಿನಿ ಅಮೇರಿಕಾದ ವರ್ಜೀನಿಯಾದಾಗ ಇರ್ತಾಳ. ಆಕಿ ಅಂಗಳದಾಗ 'ಇಮ್ಮಾರ್ಟಾಲಿಟಿ' ಅನ್ನೋ ಬಿಳಿ ಐರಿಸ್ ಹಚ್ಯಾಳ. ಮೇ ತಿಂಗಳಾಗ ಒಮ್ಮೆ ಹೂ ಬಿಟ್ಟು, ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ ಮತ್ತೊಮ್ಮೆ ಬಿಡತದಂತ. ವಿಡಿಯೋ ಕಾಲ್‌ನಾಗ ತೋರಿಸಿದ್ಲು. ಅಂಗೈ ಅಗಲದ ಹೂ, ಕೆಳಗಿನ ಎಸಳಿನ ಮ್ಯಾಲೆ ಗಡ್ಡದಂಥ ಹಳದಿ ಕೂದಲು. ನೋಡಿದಾಗಿಂದ ನನಗ ಬೇರೆ ಹೂವೇ ಕಣ್ಣಿಗೆ ಹತ್ತವಲ್ದು.

ಡಿಸೆಂಬರ್‌ದಾಗ ಬರ್ತಾಳ, ನಾಲ್ಕೈದು ಗಡ್ಡಿ ತರ್ತೀನಿ ಅಂತಾಳ. ನಮ್ಮ ಮನಿ ಮುಂದ ಮುಂಜಾನಿಂದ ಮಧ್ಯಾಹ್ನದ ಮಟಾ ಬಿಸಲು ಬೀಳತದ. ಮಣ್ಣು ಎರಿ (ಕರಿ ಮಣ್ಣು), ಮ್ಯಾಲೆ ಒಂದಿಷ್ಟು ಮಸಾರಿ (ಕೆಂಪು ಮಣ್ಣು) ಹಾಕಿಸೇವಿ. ನಳದ ನೀರು ನಾಲ್ಕೈದು ದಿನಕ್ಕೊಮ್ಮೆ. ಯಾವ ಯಾವ ಜಾತಿ ತರಸ್ಲಿ?

ಟೆರೇಸ್ ಕಾಕಾ, ನವನಗರ
ತರಸಬ್ಯಾಡ್ರಿ. ಇಷ್ಟ ನನ್ನ ಉತ್ತರ.

ಸಾಧನಕೇರಿ ಅಂಗಳ
ಕಾಕಾ, ಯಾಕಂತ ಹೇಳ್ರಿ ಮತ್ತ!

ಟೆರೇಸ್ ಕಾಕಾ, ನವನಗರ
ನಾಷ್ಟಾ ಮಾಡಾಕತ್ತಿದ್ದೆ, ಅದಕ್ಕ ಚುಟುಕು ಆತು. ಈಗ ಕೇಳ್ರಿ.

ನಿಮ್ಮ ನಾದಿನಿ ಹಚ್ಚಿದಂಥ ಗಡ್ಡದ ಐರಿಸ್ ಥಂಡಿ ದೇಶದ ಗಿಡ. ಚಳಿಗಾಲದಾಗ ವಾರಗಟ್ಟಲೆ ಗಟ್ಟಿ ಥಂಡಿ ಬಿದ್ರನ ಒಳಗ ಮೊಗ್ಗು ಕಟ್ಟತೈತಿ. ನಮ್ಮಲ್ಲಿ ಡಿಸೆಂಬರ್–ಜನವರಿ ರಾತ್ರಿ 13–14 ಡಿಗ್ರಿ ಆದ್ರ ಸ್ವೆಟರ್ ಹಾಕ್ಕೋತೀವಿ. ಆ ಗಿಡಕ್ಕ ಅದು ಥಂಡಿನ ಅಲ್ಲ. ಎಲಿ ಬರ್ತಾವ, ಮರಿ ಒಡೀತಾವ, ಹೂ ಮಾತ್ರ ಇಲ್ಲ. ಮುಂದ ಜೂನ್‌ದಾಗ ಮಳಿ ಹಿಡಿದ್ರ ಗಡ್ಡಿ ಕೊಳೀತೈತಿ. ಅದೂ ನಿಮ್ಮ ಎರಿಮಣ್ಣಿನಾಗ.

ಗದಗ ಗಾಳಿ
ಕಾಕಾನ ಮಾತು ಅರ್ಧ ಖರೆ. ದಕ್ಷಿಣ ಕ್ಯಾಲಿಫೋರ್ನಿಯಾದಾಗ ಹಿಮ ಎಲ್ಲಿ ಬೀಳತೈತ್ರಿ? ಅಲ್ಲಿ ಈ ಎರಡು ಸಲ ಹೂ ಬಿಡೋ ಐರಿಸ್ ಭರ್ತಿ ಬೆಳೀತಾರ. ಚಳಿ ಕಡಿಮಿ ಇದ್ದಲ್ಲೇ ಈ ಜಾತಿ ಹೆಚ್ಚು ಸಲ ಹೂ ಬಿಡತಾವ ಅಂತ ನಾ ಓದೇನಿ. ಹಂಗಿದ್ರ ಧಾರವಾಡದಾಗ ಯಾಕ ಆಗಬಾರ್ದು? ಸಮುದ್ರಮಟ್ಟದಿಂದ 700 ಮೀಟರ್ ಮ್ಯಾಲ ಅದೀರಿ. ನಮ್ಮ ಗದಗಿನಂಗ ಬಿಸಲೂ ಇಲ್ಲ.

ಮಸಾರಿ
ಗದಗ ಗಾಳಿಯವರೇ, ಒಳ್ಳೆ ಪ್ರಶ್ನೆ. ನಾನು ತೋಟಗಾರಿಕೆ ಓದಿದವಳು, ಹೂವಿನ ವಿಷಯ ಸ್ವಲ್ಪ ಗೊತ್ತು.

ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ಹಿಮ ಬೀಳುವುದಿಲ್ಲ ನಿಜ, ಆದರೆ ಚಳಿಗಾಲದ ರಾತ್ರಿಗಳು ನಮ್ಮವಕ್ಕಿಂತ ತಣ್ಣಗಿರುತ್ತವೆ, ಆ ತಂಪು ತಿಂಗಳುಗಟ್ಟಲೆ ನಿಲ್ಲುತ್ತದೆ. ಅದಕ್ಕಿಂತ ದೊಡ್ಡ ವ್ಯತ್ಯಾಸ ಮಳೆಯದು. ಅಲ್ಲಿ ಮಳೆ ಚಳಿಗಾಲದಲ್ಲಿ, ಬೇಸಿಗೆ ಪೂರ್ತಿ ಒಣ. ಗಡ್ಡೆ ಬಿಸಿಲಿಗೆ ಮೈ ಕಾಯಿಸಿಕೊಂಡು ಒಣಗಿ ಕೂತಿರುತ್ತದೆ. ನಮ್ಮಲ್ಲಿ ಸೆಕೆ ಇರುವಾಗಲೇ ಮಳೆ. ಬಿಸಿ ಮತ್ತು ಹಸಿ ಒಟ್ಟಿಗೆ ಬಂದರೆ ಮೆದು ಕೊಳೆ ರೋಗ ಬರುತ್ತದೆ. ಧಾರವಾಡ ಎಷ್ಟು ಎತ್ತರದಲ್ಲಿದ್ದರೂ ಜೂನ್‌ನಿಂದ ಸೆಪ್ಟೆಂಬರ್ ಬದಲಾಗುವುದಿಲ್ಲ.

ಇನ್ನೊಂದು ವಿಷಯವನ್ನು ಬಹಳ ಜನ ತಪ್ಪು ತಿಳಿದಿರುತ್ತಾರೆ. ಒಂದು ಗಡ್ಡೆ ತನ್ನ ಆಯುಷ್ಯದಲ್ಲಿ ಒಂದೇ ಸಲ ಹೂ ಬಿಡುತ್ತದೆ. ಎರಡನೇ ಸಲ ಹೂ ಬಿಡುವುದು ಅದರ ಪಕ್ಕದಲ್ಲಿ ಹುಟ್ಟಿದ ಮರಿ. ಸಾಮಾನ್ಯ ಐರಿಸ್‌ನಲ್ಲಿ ಆ ಮರಿ ಮುಂದಿನ ವರ್ಷಕ್ಕೆ ತಯಾರಾಗುತ್ತದೆ, ಮರುಹೂವಿನ ಜಾತಿಗಳಲ್ಲಿ ಅದೇ ವರ್ಷ. ಅಷ್ಟು ಬೇಗ ಬೆಳೆಯಬೇಕೆಂದರೆ ಮೊದಲ ಹೂವಾದ ಮೇಲೂ ನೀರು, ಗೊಬ್ಬರ ಬಿಡದೆ ಕೊಡಬೇಕು. ನಾಲ್ಕೈದು ದಿನಕ್ಕೊಮ್ಮೆ ನಳ ಬರುವ ಮನೆಯಲ್ಲಿ ಏಪ್ರಿಲ್–ಮೇ ಹೇಗೆ ದಾಟಿಸುತ್ತೀರಿ?

ಟೆರೇಸ್ ಕಾಕಾ, ನವನಗರ
ನಾ ಹೇಳಿದ್ದನ್ನ ಮೇಡಂ ಶುದ್ಧ ಭಾಷಾದಾಗ ಹೇಳಿದ್ರು. 👍

ಗದಗ ಗಾಳಿ
ಕಾಕಾ, ನೀವು ಮರಿ ಸುದ್ದಿ ಎಲ್ಲಿ ಹೇಳಿದ್ರಿ?

ಹಾನಗಲ್ ಶುಂಠಿ
ಕೊಳೆ ರೋಗ ಅಂದಕೂಡ್ಲೆ ನಾ ಬಂದೆ. ನಮ್ಮ ಕಡೆ ಶುಂಠಿಗೂ ಇದ ಕಾಟ. ಏರು ಮಡಿ ಮಾಡ್ರಿ, ನೀರು ಬಸಿಯೂ ಹಂಗ ನೋಡ್ಕೋರಿ, ಬೀಜದ ಗಡ್ಡಿ ಔಷಧದಾಗ ಅದ್ದಿ ಹಚ್ಚರಿ, ಮುಗೀತು. ಐರಿಸ್ ಏನು, ಯಾವ ಗಡ್ಡಿ ಆದ್ರೂ ಅಷ್ಟ.

ಮಸಾರಿ
ಅಣ್ಣಾ, ಏರು ಮಡಿಯ ಮಾತಿಗೆ ನೂರಕ್ಕೆ ನೂರು ಅಂಕ. ಔಷಧದ ಮಾತು ಮಾತ್ರ ಒಪ್ಪಲಾರೆ. ಶುಂಠಿಯ ಗಡ್ಡೆ ಕೊಳೆಗೆ ಮುಖ್ಯ ಕಾರಣ ಪಿಥಿಯಂ, ಅದು ಶಿಲೀಂಧ್ರದ ಹಾಗಿನ ಜೀವಿ. ಐರಿಸ್‌ನ ಮೆದು ಕೊಳೆ ತರುವುದು ಬ್ಯಾಕ್ಟೀರಿಯಾ. ಶುಂಠಿಗೆ ಅದ್ದುವ ಶಿಲೀಂಧ್ರನಾಶಕ ಅದರ ಮೇಲೆ ನಡೆಯುವುದಿಲ್ಲ. ಗುರುತು ಸುಲಭ: ಎಲೆಯ ಗುಂಪು ಬುಡದಲ್ಲಿ ತಾನಾಗಿ ಮಗ್ಗುಲಾಗುತ್ತದೆ, ಗಡ್ಡೆ ಒತ್ತಿದರೆ ಗಂಜಿಯಂತೆ ಒಳಗೆ ಹೋಗುತ್ತದೆ, ಮೂಗು ಮುಚ್ಚುವಷ್ಟು ನಾತ. ಆಗ ಗಡ್ಡೆ ಕಿತ್ತು, ಮೆತ್ತಗಾದ ಭಾಗವನ್ನು ಗಟ್ಟಿ ತಿರುಳು ಸಿಗುವ ತನಕ ಚಮಚದಿಂದ ಕೆರೆದು ತೆಗೆದು, ಒಂದೆರಡು ದಿನ ಬಿಸಿಲಿಗೆ ಒಣಗಿಸಿ ಮತ್ತೆ ನೆಡಬೇಕು. ಚಾಕು, ಚಮಚ ಏನಿದ್ದರೂ ಪ್ರತಿ ಸಲ ತೊಳೆಯಿರಿ.

ಹಾನಗಲ್ ಶುಂಠಿ
ಆತ್ರಿ ಅಕ್ಕಾರ. ಐರಿಸ್ ಕೊಳೆಗೆ ಕಾರಣ ಬ್ಯಾಕ್ಟೀರಿಯಾ ಅಂತ ತಲಿಯಾಗ ಇಟ್ಕೋತೀನಿ. ಆದ್ರ ಶುಂಠಿ ರೇಟ್ ಕೊಳತದ್ದಕ್ಕ ಏನು ಔಷಧ ಅಂತ ಯಾರೂ ಹೇಳೂದಿಲ್ಲ ನೋಡ್ರಿ.

ವಿದ್ಯಾಗಿರಿ ಹುಡುಗ
ಫ್ರಿಜ್‌ನಾಗ ಇಟ್ರ? ಟುಲಿಪ್ ಗಡ್ಡಿ ಹಂಗ ಮಾಡ್ತಾರಲ್ಲ, ಆರೆಂಟು ವಾರ ಕಾಯಿಪಲ್ಯ ಟ್ರೇದಾಗ ಇಟ್ಟು ತಗದು ಹಚ್ಚೂದು.

ಟೆರೇಸ್ ಕಾಕಾ, ನವನಗರ
ತಮ್ಮಾ, ಟುಲಿಪ್ ಮಲಗೋ ಗಡ್ಡಿ. ಎಲಿ ಉದುರಿಸಿ, ಉಳ್ಳಾಗಡ್ಡಿ ಹಂಗ ಗುಂಡಗ ಕೂಡತೈತಿ. ಗಡ್ಡದ ಐರಿಸ್ ಬೇರು ಬಿಟ್ಟು, ಎಲಿ ಹೊತ್ತು, ಜೀವಂತ ಬೆಳೆಯೋ ಹೊತ್ತಿನಾಗ ಥಂಡಿ ತಿನಬೇಕು. ಕತ್ತಲಿ ಫ್ರಿಜ್‌ನಾಗ ಇಟ್ರ ಎಲಿ ಬೆಳ್ಳಗಾಗಿ ಕೂಡತೈತಿ. ಮ್ಯಾಲ ನಿಮ್ಮವ್ವ ಬೈತಾರ, ಅದು ಬ್ಯಾರೆ.

ಗುಂಡು ಗಡ್ಡಿ ಇರೋ ಡಚ್ ಐರಿಸ್ ಅಂತ ಒಂದು ಐತಿ, ಅಂಗಡ್ಯಾಗ ನೀಲಿ ಹೂವಿನ ಗೊಂಚಲು ಮಾರ್ತಾರಲ್ಲ ಅದು. ಅದಕ್ಕ ಫ್ರಿಜ್ ನಡೀತೈತಿ. ಆದ್ರ ನಮ್ಮಲ್ಲಿ ಒಂದ ಸಲದ ಆಟ. ಹೂ ಬಿಟ್ಟಾದ ಮ್ಯಾಲೆ ಗಡ್ಡಿ ಸಣ್ಣಾಗಿ ಹೋಗತೈತಿ, ಮರುವರ್ಷ ಬರೂದಿಲ್ಲ. ಅಕ್ಕಾರು ಕೇಳಿದ್ದು ಎರಡು ಸಲದ್ದು.

ಕೆಲಗೇರಿ ಕೆರೆದಂಡಿ
ಆನ್‌ಲೈನ್‌ದಾಗ 'ಮಳೆಬಿಲ್ಲು ಐರಿಸ್ ಬೀಜ, 50 ಬೀಜ 99 ರೂಪಾಯಿ' ಅಂತ ಬರತಾವಲ್ಲ, ಅವು?

ಮಸಾರಿ
ಒಂದೇ ಎಸಳಿನಲ್ಲಿ ಏಳು ಬಣ್ಣ ಇರುವ ಐರಿಸ್ ಕಂಪ್ಯೂಟರಿನಲ್ಲಿ ಮಾತ್ರ ಅರಳುತ್ತದೆ. ಹೆಸರಿರುವ ಐರಿಸ್ ತಳಿ ಯಾವುದೂ ಬೀಜದಿಂದ ಅದೇ ಬಣ್ಣದಲ್ಲಿ ಬರುವುದಿಲ್ಲ, ಗಡ್ಡೆ ಒಡೆದೇ ಹೆಚ್ಚಿಸಬೇಕು.

ಕೆಲಗೇರಿ ಕೆರೆದಂಡಿ
ನಾ ತರಿಸಿದ ಬೀಜದಾಗ ಹುಲ್ಲು ಹುಟ್ಟೇದ. ದುಡ್ಡು ವಾಪಸ್ ಕೇಳಿದ್ರ 'ಸರಿಯಾಗಿ ಆರೈಕೆ ಮಾಡಿಲ್ಲ' ಅಂತಾರ. ಹುಲ್ಲಿಗೆ ಇನ್ನೇನು ಆರೈಕೆ ಮಾಡ್ಲಿ?

ಸಪ್ತಾಪುರ ಸಂಜೆ
ನಾದಿನಿಯವರ ಸಾಮಾನಿನ ವಿಷಯ ಯಾರೂ ಎತ್ತಲಿಲ್ಲ. ಹೊರದೇಶದಿಂದ ನೆಡುವ ಗಡ್ಡೆ, ಸಸಿ ತರಲು 2003ರ ಸಸ್ಯ ಕ್ವಾರಂಟೈನ್ ಆದೇಶ ಇದೆ. ಆಮದು ಪರವಾನಗಿ ಬೇಕು, ಗಿಡದಲ್ಲಿ ರೋಗ, ಹುಳ ಇಲ್ಲ ಅನ್ನುವ ಅಲ್ಲಿನ ಕೃಷಿ ಇಲಾಖೆಯ ಫೈಟೊಸ್ಯಾನಿಟರಿ ಪ್ರಮಾಣಪತ್ರ ಬೇಕು. ಮಣ್ಣು ಮೆತ್ತಿಕೊಂಡಿದ್ದರಂತೂ ಮಾತೇ ಇಲ್ಲ. ಸೂಟ್‌ಕೇಸಿನಲ್ಲಿ ಸೀರೆ ನಡುವೆ ಸುತ್ತಿ ತರುವ ಐಡಿಯಾ ಬೇಡ. ಗಡ್ಡೆ ಹೋಗುವುದು ಹೋಗಲಿ, ಅದರ ಜೊತೆ ನಮ್ಮಲ್ಲಿಲ್ಲದ ಹುಳವೋ ರೋಗವೋ ಬಂದರೆ ಊರಿಗೆಲ್ಲ ತೊಂದರೆ.

ಸಾಧನಕೇರಿ ಅಂಗಳ
ಅಯ್ಯೋ, ಇಷ್ಟೆಲ್ಲಾ ಅದನಾ? ನಾದಿನಿಗೆ ಹೇಳತೇನಿ, ಚಾಕ್ಲೇಟ್ ತರ್ಲಿ ಸಾಕು.

ಆದ್ರ ಆ ಹೂವು... ಅದನ್ನ ಮಾಡಿದವ್ರು ಯಾರು ಅಂತ ಯಾರಿಗರೆ ಗೊತ್ತದನೂ?

ಸಪ್ತಾಪುರ ಸಂಜೆ
ಲಾಯ್ಡ್ ಝುರ್ಬ್ರಿಗ್. 1982ರಲ್ಲಿ 'ಇಮ್ಮಾರ್ಟಾಲಿಟಿ' ಬಂತು. ಕೆನಡಾದಲ್ಲಿ ಹುಟ್ಟಿದವರು, ವರ್ಜೀನಿಯಾದಲ್ಲಿ ಇದ್ದವರು. ವೃತ್ತಿಯಿಂದ ಸಂಗೀತದ ಪ್ರಾಧ್ಯಾಪಕರು, ಐರಿಸ್ ತಳಿ ಮಾಡುವುದು ಬಿಡುವಿನ ಹವ್ಯಾಸ. 'ಹಾರ್ವೆಸ್ಟ್ ಆಫ್ ಮೆಮೊರೀಸ್' ಅನ್ನೋ ಹಳದಿ, 'ಕ್ಲಾರೆನ್ಸ್' ಅನ್ನೋ ಬಿಳಿ–ತಿಳಿನೀಲಿ, ಇವೂ ಅವರವೇ. ಚಳಿ ಜಾಸ್ತಿ ಇರುವ ಕಡೆ ಹಿಮ ಬೀಳುವ ಮೊದಲೇ ಎರಡನೇ ಹೂ ಮುಗಿಸಬೇಕು ಅನ್ನೋದು ಅಲ್ಲಿನವರ ಪರದಾಟ. ನಮ್ಮ ಸಮಸ್ಯೆಗೂ ಅವರ ಸಮಸ್ಯೆಗೂ ಸಂಬಂಧವೇ ಇಲ್ಲ.

ಗದಗ ಗಾಳಿ
ಸಂಗೀತದ ಮಾಸ್ತರ್ ಆಗಿದ್ರ ಧಾರವಾಡಕ್ಕ ಒಮ್ಮೆ ಬರಬೇಕಾಗಿತ್ತು. ನಮ್ಮ ಗಾಯಕ ಮಲ್ಲಿಕಾರ್ಜುನ ಮನಸೂರ ಬುವಾ ಅವರ ಭೈರವಿ ಕೇಳಿ, ನಮ್ಮ ಹವಾಕ್ಕ ಒಂದು ಜಾತಿ ಮಾಡಿ ಹೋಗ್ತಿದ್ರು.

ಟೆರೇಸ್ ಕಾಕಾ, ನವನಗರ
ಬರೇ ಧಾರವಾಡ ಅಂತ ಹೇಳ್ರಿ ಮತ್ತ. ನಮ್ಮ ಹುಬ್ಬಳ್ಳಿ ಗಂಗೂಬಾಯಿಯವರನ್ನ ಬಿಡ್ರಿ. ನಿಮ್ಮ ಗದಗಿನ ಭೀಮಸೇನ ಜೋಶಿಯವರನ್ನೂ ಬಿಟ್ಟೀರಿ.

ಗದಗ ಗಾಳಿ
ಸುರು ಆತು! ಐರಿಸ್‌ಗೆ ಬರ್ರಿ ಕಾಕಾ.

ನುಗ್ಗಿಕೇರಿ
ನನ್ನ ಮಾತು ಯಾರಿಗೂ ಸೇರೂದಿಲ್ಲ, ಆದ್ರೂ ಹೇಳತೇನಿ. ನಮ್ಮ ದೊಡ್ಡಪ್ಪ ಡೆಹ್ರಾಡೂನ್‌ದಿಂದ ಒಂದು ನೇರಳೆ ಗಡ್ಡದ ಐರಿಸ್ ತಂದು ಹಚ್ಚಿದ್ರು. ಹೂ ಬಿಟ್ಟಿತ್ತು! ಒಂದ ದೇಟ, ಎರಡ ಹೂ. ಓಣಿ ಮಂದಿ ಎಲ್ಲಾ ಬಂದು ನೋಡಿ ಹೋದ್ರು.

ಮಸಾರಿ
ಬಿಟ್ಟಿರಬಹುದು, ಮೊದಲ ವರ್ಷ. ಡೆಹ್ರಾಡೂನ್ ಚಳಿಯಲ್ಲಿ ಮೊಗ್ಗು ಒಳಗೇ ಕಟ್ಟಿಕೊಂಡು ಬಂದಿರುತ್ತದೆ, ಇಲ್ಲಿ ಬಂದು ಅರಳುತ್ತದೆ. ಮರುವರ್ಷ ಏನಾಯಿತು?

ನುಗ್ಗಿಕೇರಿ
...ಬರೇ ಎಲಿ.

ಟೆರೇಸ್ ಕಾಕಾ, ನವನಗರ
😄

ನವಲಗುಂದ ಎರಿ
ಎಲ್ಲಾರೂ ಬ್ಯಾಡ ಬ್ಯಾಡ ಅಂತೀರಿ. ಹಂಗಾರ ಏನು ಹಚ್ಚೂದು ಅಂತ ಯಾರರೆ ಹೇಳ್ರಿ. ಆ ತಾಯಿ ಕೇಳಿದ್ದು ಅಂಗಳಕ್ಕ ಹೂ. ಬರೇ ಪಾಠ ಆಗಾಕತ್ತೈತಿ.

ಮಸಾರಿ
ಸರಿಯಾಗಿ ಹೇಳಿದಿರಿ. ಐರಿಸ್ ಕುಟುಂಬದಲ್ಲೇ ಚಳಿ ಬೇಡದ ಗಿಡಗಳಿವೆ. ಎರಡು ಸಲ ಏಕೆ, ವರ್ಷದಲ್ಲಿ ಹಲವು ಸಲ ಹೂ ಬಿಡುತ್ತವೆ.

ಮೊದಲನೆಯದು ನಡೆದಾಡುವ ಐರಿಸ್, ನಿಯೊಮ್ಯಾರಿಕಾ. ಬ್ರೆಜಿಲ್ ಕಡೆಯದು. ನನ್ನ ಕೈಯಲ್ಲಿ ಇದರಷ್ಟು ಸುಲಭವಾಗಿ ಬಂದ ಗಿಡ ಇನ್ನೊಂದಿಲ್ಲ. ಎಲೆ ಬೀಸಣಿಗೆಯಂತೆ ಚಪ್ಪಟೆ. ಹೊರಗಿನ ಮೂರು ಎಸಳು ಬಿಳಿ, ಒಳಗಿನ ಮೂರು ನೀಲಿ–ನೇರಳೆ, ತುದಿ ಹಿಂದಕ್ಕೆ ಸುರುಳಿ, ಬುಡದಲ್ಲಿ ಕಂದು ಪಟ್ಟೆ. ಮುಂಜಾನೆ ಅರಳಿ ಸಂಜೆಗೆ ಮುದುಡುತ್ತದೆ, ಮಂದವಾದ ಪರಿಮಳವೂ ಇದೆ. ವಿಶೇಷ ಏನೆಂದರೆ ಹೂ ಬಿಟ್ಟ ದೇಟಿನ ತುದಿಯಲ್ಲೇ ಮರಿ ಹುಟ್ಟುತ್ತದೆ. ಮರಿ ಭಾರಕ್ಕೆ ದೇಟು ಬಾಗಿ ನೆಲ ಮುಟ್ಟಿ, ಅಲ್ಲೇ ಬೇರು ಬಿಡುತ್ತದೆ. ಗಿಡ ಒಂದೊಂದು ಹೆಜ್ಜೆ ಮುಂದೆ ಹೋಗುತ್ತದೆ, ಅದಕ್ಕೇ ಆ ಹೆಸರು. ಮುಂಜಾನೆ ಬಿಸಿಲು, ಮಧ್ಯಾಹ್ನ ನೆರಳು ಕೊಡಿ. ಪೂರ್ತಿ ಬಿಸಿಲಿಗೆ ಎಲೆ ತುದಿ ಸುಡುತ್ತದೆ.

ಕೆಲಗೇರಿ ಕೆರೆದಂಡಿ
ನಮ್ಮಲ್ಲಿ ಅದ ಅದ! ಒಂದು ವಿಚಿತ್ರ ನೋಡ್ರಿ, ಅಂಗಳದಾಗಿಂದೂ ಹಿತ್ತಲದಾಗಿಂದೂ ಒಂದ ದಿನ ಅರಳತಾವ. ಮರುದಿನ ಒಂದೂ ಇರೂದಿಲ್ಲ. ಮತ್ತ ಕೆಲವು ದಿನ ಬಿಟ್ಟು ಒಮ್ಮೆಲೇ ಎಲ್ಲಾ. ವಾಟ್ಸಾಪ್‌ದಾಗ ಮಾತಾಡ್ಕೊಂಡಂಗ.

ಹೂಬಳ್ಳಿ ಅವ್ವ
ಹನ್ನೆರಡು ಎಲಿ ಆಗೋಮಟಾ ಹೂ ಬಿಡೂದಿಲ್ಲ ಅಂತಾರಲ್ಲ ಆ ಗಿಡಕ್ಕ, ಖರೇನೂ?

ಮಸಾರಿ
ಹಾಗೊಂದು ನಂಬಿಕೆ ಇದೆ ಅವ್ವಾ. ಎಣಿಸಬೇಕಾಗಿಲ್ಲ. ಬೀಸಣಿಗೆ ತುಂಬಿಕೊಂಡು ಬಲಿತರೆ ಬಿಡುತ್ತದೆ ಅಂತ ಅರ್ಥ ಮಾಡಿಕೊಳ್ಳಿ.

ಎರಡನೆಯದು ಡಯಟೀಸ್, ಆಫ್ರಿಕಾದ ಐರಿಸ್. ಕಂಪನಿ ಆವರಣ, ರಸ್ತೆ ವಿಭಜಕಗಳಲ್ಲಿ ಹಚ್ಚುವಷ್ಟು ಗಟ್ಟಿ ಗಿಡ. ಬೇರೂರಿದ ಮೇಲೆ ನೀರು ತಡವಾದರೂ ತಡೆಯುತ್ತದೆ, ಅಂದರೆ ನಿಮ್ಮ ನಳಕ್ಕೆ ಇದೇ ಜೋಡಿ. ಬಿಳಿ ಹೂ ಬಿಡುವ ಜಾತಿ ತಂದರೆ ಒಂದು ಮಾತು ನೆನಪಿರಲಿ: ಹೂ ಮುಗಿದ ದೇಟು ಕತ್ತರಿಸಬೇಡಿ. ಅದೇ ದೇಟಿನ ಮೇಲೆ ಮತ್ತೆ ಮತ್ತೆ ಮೊಗ್ಗು ಬರುತ್ತದೆ. ಮಾಲಿಗಳು ಒಣಗಿದೆ ಅಂದುಕೊಂಡು ಕತ್ತರಿ ಆಡಿಸುತ್ತಾರೆ, ಆಮೇಲೆ ಹೂವೇ ಬರಲಿಲ್ಲ ಅಂತ ಗಿಡವನ್ನು ಬೈಯುತ್ತಾರೆ.

ನವಲಗುಂದ ಎರಿ
ಎರಿಮಣ್ಣಿನಾಗ?

ಟೆರೇಸ್ ಕಾಕಾ, ನವನಗರ
ಯಾವ್ದೂ ನೇರ ಎರಿಯಾಗ ಹಚ್ಚಬ್ಯಾಡ್ರಿ. ಮಳಿಗಾಲದಾಗ ಅಂಟು, ಬ್ಯಾಸಗ್ಯಾಗ ಕೈ ಹೋಗೂವಂಥ ಬಿರುಕು, ಬೇರು ಹರೀತಾವ. ಒಂದು ಗೇಣು ಎತ್ತರ ಏರಿಸಿ, ಮಸಾರಿ, ದಪ್ಪ ಉಸುಕು, ಹಳೇ ತಿಪ್ಪಿಗೊಬ್ಬರ ಕೂಡಿಸಿ ಮಡಿ ಕಟ್ಟರಿ. ಹಸಿ ಸಗಣಿ ಗೊಬ್ಬರ ಬ್ಯಾಡ. ಯೂರಿಯಾ ಅಂತೂ ಬ್ಯಾಡೇ ಬ್ಯಾಡ, ಎಲಿ ಹಸಿರುಗಟ್ಟಿ ಮೆತ್ತಗಾಗತೈತಿ, ಹೂ ಹಿಂದ ಸರೀತೈತಿ.

ಗದಗ ಗಾಳಿ
ನಾನೂ ಒಂದು ಹೆಸರು ಸೇರಸ್ತೀನಿ. ಚುಕ್ಕಿ ಐರಿಸ್, ಮೊದಲು ಬೆಲಮ್‌ಕ್ಯಾಂಡಾ ಅಂತಿದ್ರು. 2005ರಾಗ ಶಾಸ್ತ್ರಜ್ಞರು ಅದನ್ನ ಐರಿಸ್ ಕುಲಕ್ಕ ಸೇರಿಸ್ಯಾರ. ಅಂದ್ರ ಅಕ್ಕಾರು 'ನಮ್ಮ ಮನ್ಯಾಗ ಖರೆ ಐರಿಸ್ ಐತಿ' ಅಂತ ನಾದಿನಿ ಮುಂದ ಧೈರ್ಯದಿಂದ ಹೇಳಬಹುದು.

ಕಿತ್ತಳಿ ಬಣ್ಣ, ಮ್ಯಾಲೆ ಕೆಂಪು ಚುಕ್ಕಿ. ನಮ್ಮ ಕಡೆ ಮಳಿಗಾಲದಾಗ ಬಿಡತೈತಿ. ಸಂಜಿಗೆ ಎಸಳು ಉದುರೂದಿಲ್ಲ, ಒದ್ದಿ ಧೋತ್ರ ಹಿಂಡಿದಂಗ ತಿರುವಿಕೊಂಡು ಸಣ್ಣ ಹುರಿ ಆಗಿ ಕೂಡತೈತಿ. ಆಮ್ಯಾಲೆ ಕಾಯಿ ಒಡದು ಒಳಗ ಕರಿ ಮುತ್ತಿನಂಥ ಬೀಜದ ಗೊಂಚಲು. ಆ ಬೀಜ ಹಾಕಿದ್ರ ಹುಟ್ಟತೈತಿ. ಗದಗಿನ ಬಿಸಲಾಗ ನಿಂತೈತಿ, ಧಾರವಾಡದಾಗ ಆರಾಮ ನಿಲ್ಲತೈತಿ.

ಟೆರೇಸ್ ಕಾಕಾ, ನವನಗರ
ಈಗ ಬಂದ್ಯಪ್ಪಾ ದಾರಿಗೆ. ಕ್ಯಾಲಿಫೋರ್ನಿಯಾ ಬಿಟ್ಟು.

ಗದಗ ಗಾಳಿ
ಬಿಟ್ಟಿಲ್ಲ ಕಾಕಾ. ಮಳಿ ತಾಗದಂಗ ಕುಂಡದಾಗ ಹಚ್ಚಿ, ಜೂನ್‌ದಾಗ ಶೆಡ್ ಕೆಳಗ ಇಟ್ರ ಗಡ್ಡದ ಐರಿಸ್ ಜೀವ ಹಿಡೀತೈತಿ ಅಂತ ಈಗಲೂ ಅಂತೀನಿ.

ಮಸಾರಿ
ಜೀವ ಹಿಡಿಯುತ್ತದೆ, ಒಪ್ಪುತ್ತೇನೆ. ಗಡ್ಡೆಯ ಬೆನ್ನು ಮಣ್ಣಿನ ಮೇಲೆ ಕಾಣುವಂತೆ, ಬಿಸಿಲು ತಾಗುವಂತೆ ನೆಟ್ಟರೆ ಇನ್ನೂ ಒಳ್ಳೆಯದು. ಹೂವಿನ ಭರವಸೆ ಮಾತ್ರ ಕೊಡಬೇಡಿ.

ಹಾನಗಲ್ ಶುಂಠಿ
ಪೂಜಾಕ್ಕ ನಡೀತಾವೇನ್ರಿ ಇವು? ನಮ್ಮನ್ಯಾಗ ಹೂ ಅಂದ್ರ ಮೊದಲ ಪ್ರಶ್ನೆ ಅದ.

ಹೂಬಳ್ಳಿ ಅವ್ವ
ಮುಂಜಾನೆ ಹರದು ಮಧ್ಯಾಹ್ನಕ್ಕ ಬಾಡೋ ಹೂ ದೇವ್ರಿಗೆ ಏನು ಏರಸ್ತೀಯಪ್ಪಾ. ಗಿಡದಾಗ ಚಂದ ಕಾಣ್ಲಿ ಬಿಡು. ದೇವ್ರಿಗೆ ಸೇವಂತಿಗಿ ಅದ.

ವಿದ್ಯಾಗಿರಿ ಹುಡುಗ
ನಮ್ಮ ಹಿತ್ತಲದಾಗ ಐರಿಸ್ ಎಲಿ ಹಂಗ ಇರೋ ಗಿಡ ಒಂದೈತಿ. ಅಜ್ಜಿ ಅದಕ್ಕ ಬಜಿ ಅಂತಾಳ. ಎರಡೂ ಒಂದನಾ?

ಹೂಬಳ್ಳಿ ಅವ್ವ
ಅಲ್ಲೋ! ಬಜಿ ಕೂಸಿಗೆ ತೇಯ್ದು ನಾಲಿಗಿಗೆ ಹಚ್ಚೂದು. ಎಲಿ ತಿಕ್ಕಿ ಮೂಸು, ಘಮ್ ಅಂದ್ರ ಬಜಿ.

ಮಸಾರಿ
ಅವ್ವ ಹೇಳಿದ್ದೇ ಸರಿಯಾದ ಪರೀಕ್ಷೆ. ಇನ್ನೂ ಒಂದು ಗುರುತು: ಬಜೆ ಎಲೆಗೆ ನಡುನರ ಎದ್ದು ಕಾಣುತ್ತದೆ, ಅದೂ ನಟ್ಟನಡುವೆ ಇರುವುದಿಲ್ಲ, ಒಂದು ಪಕ್ಕಕ್ಕೆ. ಬಜೆಗೆ ಕಾಲಡಿ ನೀರು ನಿಂತರೂ ಖುಷಿ. ಕೂಸಿಗೆ ಕೊಡುವ ಮೊದಲು ಮಾತ್ರ ಡಾಕ್ಟರನ್ನು ಕೇಳಿ. ಐರಿಸ್ ಗಡ್ಡೆಯನ್ನು ಬಜೆ ಅಂದುಕೊಂಡು ತೇಯ್ದು ಯಾರೂ ಕೊಡಬೇಡಿ, ಹೊಟ್ಟೆ ಕೆಡುತ್ತದೆ, ವಾಂತಿ ಆಗುತ್ತದೆ. ಮನೆಯಲ್ಲಿ ನಾಯಿ, ಬೆಕ್ಕು ಇದ್ದರೂ ಗಡ್ಡೆ ಅಗಿಯದಂತೆ ನೋಡಿಕೊಳ್ಳಿ.

ಸಪ್ತಾಪುರ ಸಂಜೆ
ಲೂಸಿಯಾನಾ ಐರಿಸ್ ಯಾರೂ ಹೇಳಲಿಲ್ಲ? ಬಿಸಿ, ಹಸಿ ಎರಡನ್ನೂ ತಡೆಯುತ್ತದಲ್ಲ.

ಮಸಾರಿ
ತಡೆಯುತ್ತದೆ, ಆದರೆ ಹುಳಿ ಮಣ್ಣು ಬೇಕು. ನಮ್ಮ ಎರೆಮಣ್ಣು ಕ್ಷಾರ, ಬೋರ್ ನೀರು ಗಡಸು. ಎಲೆ ಹಳದಿ ತಿರುಗುತ್ತದೆ. ಹೂವೂ ವರ್ಷಕ್ಕೆ ಒಂದೇ ಸಲ. ಹಾನಗಲ್, ಕಲಘಟಗಿ ಕಡೆ ಕೆಂಪು ಮಣ್ಣು, ಮಳೆನೀರಿನ ಹೊಂಡ ಇದ್ದವರು ನೋಡಬಹುದು.

ಸಾಧನಕೇರಿ ಅಂಗಳ
ಎಲ್ಲಾರ್ಗೂ ಥ್ಯಾಂಕ್ಸ್ ರೀ. ಹಿಂಗ ಮಾಡತೇನಿ: ಬಿಸಲು ಬೀಳೋ ಕಡೆ ಏರು ಮಡಿ ಮಾಡಿ ಡಯಟೀಸ್, ಚುಕ್ಕಿ ಐರಿಸ್. ಮಾವಿನ ಗಿಡದ ನೆರಳಿಗೆ ನಡೆದಾಡೋ ಐರಿಸ್. ನಾದಿನಿ ಹೂ ವಿಡಿಯೋ ಕಾಲ್‌ನಾಗ ನೋಡತೇನಿ. ನಡೆದಾಡೋ ಐರಿಸ್ ಮರಿ ಯಾರ ಕಡೆ ಅದಾವ? ಬದಲೀಗೆ ಗುಲಾಬಿ ಬಣ್ಣದ ಮಳೆಲಿಲ್ಲಿ ಗಡ್ಡಿ ಕೊಡತೇನಿ.

ಕೆಲಗೇರಿ ಕೆರೆದಂಡಿ
ನನ್ನ ಕಡೆ ಬೇಕಾದಷ್ಟು. ದೇಟ ಬಾಗಿ ಬೇರು ಬಿಟ್ಟಾವ, ಕತ್ತರಿಸಿ ಕೊಡೂದಷ್ಟ. ರವಿವಾರ ಮುಂಜಾನೆ ಬರ್ರಿ, ಹತ್ತರೊಳಗ. ಆಮ್ಯಾಲೆ ನಾವು ಸಂತಿಗೆ ಹೋಗತೇವಿ.

ನವಲಗುಂದ ಎರಿ
ನನಗೂ ಎರಡು ಇಡ್ರಿ.

ಹಾನಗಲ್ ಶುಂಠಿ
ಮಳೆಲಿಲ್ಲಿ ಗುಲಾಬಿ ಅಷ್ಟ ಐತೋ, ಹಳದಿನೂ ಐತೋ?